ಜೇಬಿನಲ್ಲಿದ್ದ ಸಮುದ್ರ

ಗಂಡಸರ ಅಂಗಿಗೆ ಮೊದಲು ಜೇಬು ಹೊಲಿದವನು ಯಾರೋ, ಅವನ ಮನೆ ಹಾಳಾಗ! ಆ ಜೇಬೊಂದು ಇಲ್ಲದಿದ್ದರೆ ಟೇಕಲ್ ಪಕ್ಕದ ಆ ಊರಿನಲ್ಲಿ ಮುನಿಯಲ್ಲಪ್ಪನ ಮಾನ ಗುರುವಾರದ ತನಕವಾದರೂ ಉಳಿಯುತ್ತಿತ್ತು. ಬುಧವಾರವೇ ಹೋಯಿತು.

ಬುಧವಾರ ಬೆಳಗ್ಗೆ ಬೇವಿನ ಕಡ್ಡಿ ಕಚ್ಚಿಕೊಂಡು ಹಿತ್ತಲಿಗೆ ಬಂದವನು, ತಂತಿಯ ಮೇಲೆ ತನ್ನ ಚೌಕಳಿ ಅಂಗಿ ನೀರು ಸುರಿಸುತ್ತಾ ನೇತಾಡುವುದನ್ನು ಕಂಡ. ಓಡಿ ಹೋಗಿ ಜೇಬಿಗೆ ಕೈ ಹಾಕಿದ. ಒದ್ದೆ ಬಟ್ಟೆ ಬಿಟ್ಟರೆ ಏನೂ ಇಲ್ಲ.

ಆ ಜೇಬಿನಲ್ಲಿ ಇದ್ದದ್ದು ಒಂದು ಜೆರಾಕ್ಸ್ ಹಾಳೆ. ಅಮರನಾಥ್ ಮೇಷ್ಟ್ರು ಗುಂಡುಗುಂಡಗೆ ಬರೆದದ್ದು. 'ಕರಾವಳಿ ಪ್ರವಾಸ: ನೋಡತಕ್ಕದ್ದು, ಮಾಡತಕ್ಕದ್ದು' ಎಂದು ತಲೆಬರಹ. ಮಲ್ಪೆಯಲ್ಲಿ ದೋಣಿ ಹತ್ತಿ ದ್ವೀಪಕ್ಕೆ ಹೋಗತಕ್ಕದ್ದು. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ. ಗಾಡಿ ನಿಲ್ಲಿಸಿ ಎರಡನ್ನೂ ನೋಡತಕ್ಕದ್ದು. ಮುರುಡೇಶ್ವರದಲ್ಲಿ ಲಿಫ್ಟಿನಲ್ಲಿ ಗೋಪುರ ಹತ್ತತಕ್ಕದ್ದು. ಗೋಕರ್ಣದಲ್ಲಿ ಸೂರ್ಯ ಮುಳುಗುವುದನ್ನು ನೋಡುವುದು ಕಡ್ಡಾಯ. ಮೇಷ್ಟ್ರಿಗೆ ಸೂರ್ಯನೂ ಹಾಜರಿ ಪುಸ್ತಕದಲ್ಲಿ ಇರುವವನೇ. ಕೊನೆಗೆ ಹೋಗುವವರ ಹೆಸರು: ಅಮರನಾಥ್, ಟೀ ಅಂಗಡಿ ಕದಿರೇಶ, ಮುನಿಯಲ್ಲಪ್ಪ. ಹೊರಡುವುದು ಗುರುವಾರ ಬೆಳಗ್ಗೆ ಆರಕ್ಕೆ.

ಇದರಲ್ಲಿ ಮುಚ್ಚಿಡುವಂಥದ್ದೇನು ಎಂದು ಕೇಳುವವರು ಮುನಿಯಲ್ಲಪ್ಪನ ಮದುವೆಗೆ ಬಂದಿರಲಿಲ್ಲ ಅಂತ ಅರ್ಥ. ಇಪ್ಪತ್ತೆಂಟು ವರ್ಷದ ಹಿಂದೆ, ಆರತಿ ತಟ್ಟೆಯ ಮುಂದೆ ಕೂತು, "ಗಂಗರತ್ನಾ, ನಿನ್ನ ಸಮುದ್ರಕ್ಕೆ ಕರ್ಕೊಂಡ್ ಹೋಗ್ತೀನಿ ಕಣೇ" ಎಂದು ಎಲ್ಲರ ಎದುರಿಗೆ ಮಾತು ಕೊಟ್ಟ ಮನುಷ್ಯ ಇವನು. ಆಮೇಲೆ ಮನೆಗೆ ಸೀಮೆಹಸು ಬಂತು. ಹಸು ಕಟ್ಟಿದವನಿಗೆ ಯಾವ ಯಾತ್ರೆ? ಬೆಳಗ್ಗೆ ಹಾಲು, ಸಾಯಂಕಾಲ ಹಾಲು, ದೇವರು ಪ್ರತ್ಯಕ್ಷನಾದರೂ "ಡೈರಿಗೆ ಹಾಲು ಹಾಕಿ ಬರ್ತೀನಿ, ಕೂತಿರು ಸ್ವಾಮಿ" ಅನ್ನಬೇಕು. ಈಗಿನ ಹಸು ಸಾವಿತ್ರಿಯಂತೂ ಗಂಗರತ್ನಮ್ಮನ ಕೈ ಬಿಟ್ಟು ಬೇರೆಯವರಿಗೆ ಕೆಚ್ಚಲು ಮುಟ್ಟಗೊಡುವುದಿಲ್ಲ.

ಕಳೆದ ದೀಪಾವಳಿ ಮುಗಿದ ಮೇಲೆ ಗಂಗರತ್ನಮ್ಮ, ಅಮ್ಮನಿಗೆ ಮಂಡಿನೋವು ಎಂದು ನಾಲ್ಕು ದಿನ ತವರು ಗೌನಿಪಲ್ಲಿಗೆ ಹೋಗಿದ್ದಳು. ಹೆಂಗಸರಿಗೆ ಹೇಗೂ ಬಸ್ಸು ಫ್ರೀ. ಜೊತೆಗಿರಲಿ ಎಂದು ಪಕ್ಕದ ಮನೆ ಕದಿರೇಶನ ಹೆಂಡತಿ ವಾಣಿಶ್ರೀಯೂ ಹೋಗಿದ್ದಳು. ಆಗ ಮುನಿಯಲ್ಲಪ್ಪ ಹೆಂಡತಿಯ ಹಳೇ ಸೀರೆ ಉಟ್ಟು, ಮುಖದ ತುಂಬಾ ಸೆರಗು ಹೊದ್ದು ಹಾಲು ಕರೆದಿದ್ದ. "ಬಾಯಿ ಮಾತ್ರ ಬಿಡ್ಬೇಡ. ನಿನ್ ದನಿ ಕೇಳಿದ್ರೆ ಒದೀತಾಳೆ" ಎಂದು ಅವಳು ಎಚ್ಚರಿಕೆ ಹೇಳಿ ಹೋಗಿದ್ದಳು. ಅವಳೇನೋ ಬಿಸಿಲಿಗೆ ಸುಟ್ಟ ಬದನೆಕಾಯಿಯಂತಾಗಿ ತವರಿನಿಂದ ಬಂದಳು. ಇವನು ಆ ನಾಲ್ಕು ದಿನದ ಅವಮಾನಕ್ಕೆ ತಾನೂ ನಾಲ್ಕು ದಿನ ಎಲ್ಲಾದರೂ ಹೋಗಲೇಬೇಕು ಎಂದು ಒಳಗೊಳಗೇ ಹಟ ತೊಟ್ಟ. ಐವತ್ತನಾಲ್ಕು ವರ್ಷವಾಗಿದೆ, ಕೆರೆ ಬಿಟ್ಟು ದೊಡ್ಡ ನೀರು ನೋಡಿದವನಲ್ಲ. ಸಾಯುವುದರೊಳಗೆ ಒಂದು ಸಲ ಸಮುದ್ರದಲ್ಲಿ ಕಾಲಿಡಬೇಕು ಎಂಬ ಆಸೆ ನಿಜಕ್ಕೂ ಇತ್ತು, ಪಾಪ. ಇಬ್ಬರೂ ಹೋದರೆ ಸಾವಿತ್ರಿಯ ಗತಿಯೇನು? ಅದಕ್ಕೇ ಹೆಂಡತಿಗೆ "ಹಾಸನದಲ್ಲಿ ಹೈನುಗಾರಿಕೆ ತರಬೇತಿ" ಎಂದು ಸುಳ್ಳು ಹೇಳಿದ್ದ. ಮೇಷ್ಟ್ರು, ಕದಿರೇಶ ತಮ್ಮ ತಮ್ಮ ಮನೆಯಲ್ಲಿ ತಮಗೆ ತೋಚಿದ ಸುಳ್ಳು ಹೇಳಿದ್ದರು.

ಈಗ ಆ ಹಾಳೆಯೇ ಇಲ್ಲ.

"ಅಂಗಿ ಜೇಬಲ್ಲಿ ಒಂದ್ ಪೇಪರ್ ಇತ್ತು. ನೋಡಿದ್ಯಾ?" ಎಂದ, ದನಿ ಆದಷ್ಟು ಸಪ್ಪಗೆ ಮಾಡಿಕೊಂಡು.

ಗಂಗರತ್ನಮ್ಮನ ಕೈಯಲ್ಲಿದ್ದ ಚೊಂಬು ಅರ್ಧದಲ್ಲೇ ನಿಂತಿತು. "ಪೇಪರಾ? ಯಾವ್ ಪೇಪರು? ನಿಂಗೆಲ್ ಸಿಕ್ತು?"

"ಸಿಕ್ಕಿಲ್ಲ, ಅದಕ್ಕೇ ಕೇಳ್ತಿರೋದು."

"ಏನ್ ಬರ್ದಿತ್ತು ಅದ್ರಲ್ಲಿ?"

"ಏನೂ ಇಲ್ಲ."

"ಏನೂ ಇಲ್ದಿರೋ ಪೇಪರ್‌ನ ಯಾಕಯ್ಯಾ ಹುಡುಕ್ತೀಯ?"

ಆಗಲೇ ಗೋಡೆಯಾಚೆಯಿಂದ ವಾಣಿಶ್ರೀಯ ತಲೆ ಮೇಲೆದ್ದಿತು. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓದಿಬಿಟ್ಟಿದ್ದಾಳೆ! ಓದಿ, ಪಕ್ಕದವಳಿಗೂ ಹೇಳಿ, ಈಗ ನಾಟಕ ಆಡುತ್ತಿದ್ದಾಳೆ.

ಬಾಯಿ ತೊಳೆದವನೇ ಕದಿರೇಶನ ಟೀ ಅಂಗಡಿಗೆ ಓಡಿದ. ಮೇಷ್ಟ್ರು ಅಲ್ಲೇ ಬನ್ನು ಅದ್ದುತ್ತಾ ಕೂತಿದ್ದರು. ವಿಷಯ ಕೇಳುತ್ತಲೇ ಅವರ ಬನ್ನು ಟೀಯೊಳಗೇ ಮುಳುಗಿಹೋಯಿತು.

"ಲೇ, ನಿನಗೆ ಬುದ್ಧಿ ಐತೇನ್ಲಾ? ಅದ್ರಲ್ಲಿ ನಮ್ ಹೆಸ್ರೂ ಐತೆ!" ಎಂದ ಕದಿರೇಶ. "ವಾಣಿಶ್ರೀಗೆ ಗೊತ್ತಾದ್ರೆ ಸಮುದ್ರ ಯಾಕೆ, ನನ್ನ ಇಲ್ಲೇ ಬಾವೀಲಿ ಮುಳುಗಿಸ್ತಾಳೆ."

"ಓದಿದ್ರೆ ಇಷ್ಟೊತ್ತಿಗೆ ಕಿರುಚಾಡ್ತಿರ್ಲಿಲ್ವಾ?" ಎಂದರು ಮೇಷ್ಟ್ರು.

"ಮೇಷ್ಟ್ರೇ, ಕಿರುಚೋ ಹೆಂಗಸಿಗೆ ಹೆದರ್ಬೇಕಾಗಿಲ್ಲ. ಸುಮ್ಮನಿರ್ತಾರೆ ನೋಡಿ, ಅಲ್ಲಿರೋದು ಅಪಾಯ. ನೀನೊಂದ್ ಕೆಲಸ ಮಾಡು ಮುನಿಯಲ್ಲಪ್ಪ. ಮಧ್ಯಾಹ್ನ ಊಟಕ್ಕೆ ಏನ್ ಮಾಡ್ತಾಳೆ ನೋಡು. ಕೋಪ ಇದ್ರೆ ಹಳಸಿದ್ ಸಾರು ಹಾಕ್ತಾಳೆ. ಏನೂ ಗೊತ್ತಿಲ್ದಿದ್ರೆ ದಿನಾ ಮಾಡೋ ಹಂಗೆ ಮಾಡಿರ್ತಾಳೆ."

ಮಧ್ಯಾಹ್ನ ತಟ್ಟೆ ಮುಂದೆ ಕೂತ ಮುನಿಯಲ್ಲಪ್ಪನಿಗೆ ಕಣ್ಣುಕತ್ತಲೆ ಬಂತು. ಹಳಸಿದ್ದೂ ಅಲ್ಲ, ದಿನದ್ದೂ ಅಲ್ಲ. ಬಿಸಿ ಮುದ್ದೆ, ನಾಟಿ ಕೋಳಿ ಸಾರು! ನೆಂಟರಿಲ್ಲ, ಹಬ್ಬವಿಲ್ಲ, ಕೋಳಿಗೆ ಕಾಯಿಲೆಯೂ ಇರಲಿಲ್ಲ. ಬಲಿ ಕೊಡುವ ಮುಂಚೆ ಕುರಿಗೆ ಹಾರ ಹಾಕುವುದಿಲ್ಲವೇ, ಹಾಗೆ.

"ತಿನ್ನಯ್ಯಾ, ಯಾಕ್ ಹಂಗ್ ನೋಡ್ತೀಯ? ನಾಳೆ ದೂರ ಹೋಗ್ತಾ ಇದ್ದೀಯ ಅಂತ ಮಾಡ್ದೆ" ಎಂದಳು ಗಂಗರತ್ನಮ್ಮ, ಬೆಣ್ಣೆಯಂಥ ದನಿಯಲ್ಲಿ. ಆಮೇಲೆ ಒಂದು ಬೆರಳು ಸಾರು ನೆಕ್ಕಿ, "ಉಪ್ಪು ಜಾಸ್ತಿ ಆಯ್ತೇನೋ. ಥೂ, ಥೇಟ್ ಸಮುದ್ರದ್ ನೀರು!"

ಮುನಿಯಲ್ಲಪ್ಪನಿಗೆ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅವಳು ಬೆನ್ನು ತಟ್ಟಿದಳು. ತಟ್ಟಿದ್ದೋ, ಗುದ್ದಿದ್ದೋ ಎಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಊಟವಾದ ಮೇಲೆ ಬಟ್ಟೆ ತುಂಬಿಕೊಳ್ಳೋಣ ಎಂದು ಅಟ್ಟದಿಂದ ನೀಲಿ ಬ್ಯಾಗು ಇಳಿಸಿದ. ಧೂಳು ಕೊಡವಲು ತಲೆಕೆಳಗು ಮಾಡಿದರೆ ಸರ್ರನೆ ಒಂದು ಹಿಡಿ ಮರಳು ನೆಲಕ್ಕೆ ಸುರಿಯಿತು. ಸಣ್ಣಗೆ, ನುಣ್ಣಗೆ, ಬೆಳ್ಳಗೆ ಮಿನುಗುವ ಮರಳು. ಅವರ ಊರಿನಲ್ಲಿ ಎಲ್ಲಿ ಅಗೆದರೂ ಸಿಗುವುದು ಕೆಂಪು ಮಣ್ಣು, ಇಲ್ಲವೇ ಬಂಡೆ.

"ಇದೇನೇ ಇದು?"

ಗಂಗರತ್ನಮ್ಮ ಬಿರುಗಾಳಿಯಂತೆ ಬಂದು ಪೊರಕೆಯಲ್ಲಿ ಗುಡಿಸಿಯೇ ಬಿಟ್ಟಳು. "ಅದಾ? ಅಮ್ಮನ ಮನೇಲಿ ಗಾರೆ ಕೆಲ್ಸ ಮಾಡಿಸ್ತಿದ್ರಲ್ಲ, ಅದೇ ಸೇರ್ಕೊಂಡಿರ್ಬೇಕು. ನೀನ್ಯಾಕೆ ಬ್ಯಾಗ್ ಮುಟ್ಟೋಕ್ ಹೋದೆ? ನಾನೇ ತುಂಬ್ತಿದ್ನಲ್ಲಾ!"

ಎಂಥಾ ಹೆಂಗಸಪ್ಪಾ ಇವಳು! ಎದುರಿಗೆ ಒಂದು ಮಾತಿಲ್ಲ. ಸಾರಿನಲ್ಲಿ ಉಪ್ಪು ಹಾಕಿ ಚುಚ್ಚುತ್ತಾಳೆ, ಬ್ಯಾಗಿನಲ್ಲಿ ಮರಳು ತುಂಬಿ ಚುಚ್ಚುತ್ತಾಳೆ. ಇನ್ನು ರಾತ್ರಿ ದಿಂಬಿನ ಕೆಳಗೆ ಮೀನು ಇಟ್ಟರೂ ಇಟ್ಟಳೇ.

ಮೂರು ಗಂಟೆಗೆ ಕದಿರೇಶ ಹಿತ್ತಲ ಬೇಲಿ ಹಾರಿಕೊಂಡು ಬಂದ. ಮುಖ ಬಿಳುಚಿಕೊಂಡಿತ್ತು. "ಮುಗೀತು ಕಣೋ. 'ಮುನಿಯಲ್ಲಪ್ಪಣ್ಣ ಯಾವ್ದೋ ಪೇಪರ್ ಹುಡುಕ್ತಿದ್ದಾರಂತಲ್ಲ, ಏನಂತೆ? ನಿಮಗೇನಾದ್ರೂ ಹೇಳಿದ್ರಾ?' ಅಂತ ನಮ್ಮವಳು ಹತ್ತು ಸಲ ಕೇಳಿದ್ಲು. ಮೇಷ್ಟ್ರ ಹೆಂಡ್ತಿ ಶೋಭಾರಾಣೀನೂ ಹಂಗೇ ಬಾಯಿ ಬಿಡಿಸ್ತಿದ್ದಾರಂತೆ. ನೀನ್ ಮಾತ್ರ ಬಾಯ್ ಬಿಡ್ಬೇಡ. ಸಾಯೋ ಹಂಗಾದ್ರೂ ಹಾಸನ, ಹಾಸನ ಅಂತಿರು."

ಸಾಯಂಕಾಲ ಡೈರಿ ಮುಂದೆ ಕ್ಯಾನು ಹಿಡಿದು ಊರಿಗೆ ಊರೇ ಸಾಲಾಗಿ ನಿಂತಿತ್ತು. ಮುಂದೆ ಗಂಗರತ್ನಮ್ಮ, ವಾಣಿಶ್ರೀ, ಶೋಭಾರಾಣಿ ಮೂವರೂ ತಲೆಗೆ ತಲೆ ತಾಗಿಸಿ ಪಿಸುಗುಟ್ಟುತ್ತಿದ್ದರು. ಮುನಿಯಲ್ಲಪ್ಪ ಕಿವಿ ನಿಮಿರಿಸಿದ. "ದೋಣಿ" ಎಂದದ್ದು ಕೇಳಿಸಿತು. "ಲಿಫ್ಟು" ಎಂದದ್ದೂ ಕೇಳಿಸಿತು. ಆಮೇಲೆ ವಾಣಿಶ್ರೀ ಹಿಂದೆ ತಿರುಗಿ ಇವನನ್ನು ನೋಡಿ, ಗಪ್ಪನೆ ಬಾಯಿ ಮುಚ್ಚಿಕೊಂಡಳು.

ಅಷ್ಟೇ. ಬೆಳಗ್ಗಿನಿಂದ ಬಿಗಿಹಿಡಿದಿದ್ದ ಕಟ್ಟೆ ಒಡೆಯಿತು.

"ಸಾಕು ಮಾಡೇ, ಗಂಗರತ್ನಾ!" ಎಂದು ಕೂಗಿಯೇ ಬಿಟ್ಟ. "ಹೌದು, ಹಾಸನ ಸುಳ್ಳು. ತರಬೇತೀನೂ ಸುಳ್ಳು. ನಾನು, ಮೇಷ್ಟ್ರು, ಕದಿರೇಶ ಟಿಟಿ ಗಾಡಿ ಮಾಡ್ಕೊಂಡು ಸಮುದ್ರ ನೋಡೋಕೆ ಹೊರಟಿದ್ದು ನಿಜ. ತಪ್ಪಾಯ್ತು. ಬೇಕಾದ್ರೆ ನಾಲ್ಕು ಬಾರಿಸು, ಆದ್ರೆ ಹಿಂಗೆ ಉಪ್ಪು, ಮರಳು ಅಂತ ದಿನವಿಡೀ ಸಾಯಿಸ್ಬೇಡ!"

ಮೇಷ್ಟ್ರು ಮೆಲ್ಲಗೆ ಕ್ಯಾನಿನ ಹಿಂದೆ ಕೂತರು. ಕದಿರೇಶ ಹಣೆ ಚಚ್ಚಿಕೊಂಡ.

ಮೂವರು ಹೆಂಗಸರೂ ಕಣ್ಣು ಕಣ್ಣು ಬಿಟ್ಟರು. ಮೊದಲು ಬಾಯಿ ಬಂದದ್ದು ವಾಣಿಶ್ರೀಗೆ. "ಅಣ್ಣಾ, ನೀವ್ ಹುಡುಕ್ತಿದ್ದಿದ್ದು ಇದಾ? ಅಯ್ಯೋ, ನಾವು ಇನ್ನೇನೋ ಅಂದ್ಕೊಂಡಿದ್ವಿ! ಬೆಳಗ್ಗೆ ನಿಮ್ ಸಾವಿತ್ರಿ ಬಟ್ಟೆ ಒಗೆಯೋ ಕಲ್ಲ ಹತ್ರ ಏನೋ ಬಿಳೀ ಕಾಗದ ಮೆಲ್ತಾ ಇದ್ಲು. ನಾನೇ ನೋಡ್ದೆ."

ಅಂದರೆ ಯಾರೂ ಏನೂ ಓದಿರಲಿಲ್ಲ! ಮಲ್ಪೆ, ಮರವಂತೆ, ಮುರುಡೇಶ್ವರ ಮೂರೂ ಸಾವಿತ್ರಿಯ ಹೊಟ್ಟೆಯಲ್ಲಿ ಮೆಲುಕಾಗುತ್ತಿದ್ದವು. ಇವನೇ ಬಾಯಾರೆ ಊರಿಗೆಲ್ಲ ಓದಿ ಹೇಳಿದ್ದ. ಮುನಿಯಲ್ಲಪ್ಪನಿಗೆ ಡೈರಿಯ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಗಂಗರತ್ನಮ್ಮ ಸೆರಗಿಗೆ ಮೂಗು ಒರೆಸಿದಳು. "ಇಪ್ಪತ್ತೆಂಟು ವರ್ಷ! ಆರತಿ ತಟ್ಟೆ ಮುಂದೆ ಮಾತು ಕೊಟ್ಟು, ಈಗ ನನ್ನ ಬಿಟ್ಟು ಹೋಗ್ತಿದ್ದೀಯಲ್ಲಾ! ಸಮುದ್ರ ಕರ್ರಗೈತೋ ಬೆಳ್ಳಗೈತೋ ಅಂತಾನೂ ಗೊತ್ತಿಲ್ದಿರೋ ಪಾಪಿ ನಾನು!"

ವಾಣಿಶ್ರೀಗೆ ಏಕೋ ಕೆಮ್ಮು ಬಂತು. ಶೋಭಾರಾಣಿ ಅವಳ ಬೆನ್ನು ನೀವಿ, ಗಂಡನ ಕಡೆ ತಿರುಗಿದಳು. "ಗಾಡಿಗೆ ಅಡ್ವಾನ್ಸ್ ಕೊಟ್ಟಾಗಿದೆ ತಾನೇ? ದಂಡ ಆಗ್ಬಾರ್ದು. ಬೆಳಗ್ಗೆ ಆರಕ್ಕೆ ನಾವ್ ಮೂವರು ಹೋಗ್ತೀವಿ. ನೀವು ಹಸು ನೋಡ್ಕೊಳ್ಳಿ."

ಮೂವರು ಗಂಡಸರೂ ತಲೆ ತಗ್ಗಿಸಿ ಸಾಲಿನ ಕೊನೆಗೆ ಹೋಗಿ ನಿಂತರು.

ಗುರುವಾರ ಆರಕ್ಕೆ ಟಿಟಿ ಬಂತು. ಹೆಂಗಸರು ಕಿಟಕಿಯಿಂದ ಕೈ ಬೀಸುತ್ತಾ ಹೊರಟರು. ಗಂಗರತ್ನಮ್ಮನ ನೀಲಿ ಬ್ಯಾಗು ಐದೇ ನಿಮಿಷದಲ್ಲಿ ತುಂಬಿತ್ತು. ಹಳೇ ಸೀರೆ, ಟವೆಲು, ತಲೆಗೆ ಟೋಪಿ, ಏನೊಂದೂ ಮರೆತಿರಲಿಲ್ಲ. ಮುನಿಯಲ್ಲಪ್ಪ ಗಾಡಿ ತಿರುವು ದಾಟುವವರೆಗೂ ನೋಡಿ, ಒಂದು ನಿಟ್ಟುಸಿರು ಬಿಟ್ಟ. ಹೋಗಲಿ, ಇಪ್ಪತ್ತೆಂಟು ವರ್ಷದ ಮಾತು ಹೀಗಾದರೂ ತೀರಿತಲ್ಲ. ತಾನು ನೋಡದಿದ್ದರೂ ಅವಳಾದರೂ ನೋಡುತ್ತಾಳಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಸೀರೆ ಉಟ್ಟು, ಸೆರಗು ಹೊದ್ದು ಕೊಟ್ಟಿಗೆಗೆ ಬಂದ.

ಸಾವಿತ್ರಿ ಸೆರಗು ಮೂಸಿದಳು. ಸುಮ್ಮನಾದಳು. ಹಾಲು ಸರಸರ ಬಕೆಟ್ಟಿಗೆ ಇಳಿಯಿತು. ಬಕೆಟ್ಟು ಮುಕ್ಕಾಲು ತುಂಬುವಷ್ಟರಲ್ಲಿ ಸೊಂಟದಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಸಾವಿತ್ರಿ ಕಿವಿ ನಿಮಿರಿಸಿದಳು. ಬೇರೆ ದಾರಿಯಿಲ್ಲದೆ ಫೋನೆತ್ತಿ, ಹೆಣ್ಣು ದನಿಯಲ್ಲಿ ಪಿಸುಗುಟ್ಟಿದ: "ಹಲೋ..."

"ಏಮಯ್ಯಾ ಅಲ್ಲುಡೂ, ಬಾಗುನ್ನಾವಾ?" ಅಳಿಯ ಚೆನ್ನಾಗಿದ್ದಾನೆಯೇ ಎಂದು ಗೌನಿಪಲ್ಲಿಯಿಂದ ಅತ್ತೆ ಮುನಿಶಾಮಮ್ಮ ತನ್ನ ತೆಲುಗಿನಲ್ಲಿ ವಿಚಾರಿಸಿದಳು. "ಗಂಟಲು ಯಾಕಪ್ಪಾ ಹಂಗಾಗೈತೆ?"

"ಶೀತ, ಅತ್ತೆ."

"ಗಂಗರತ್ನ ಇದ್ರೆ ಕೊಡಪ್ಪಾ."

"ಇಲ್ಲ ಅತ್ತೆ, ಊರಿಗೆ ಹೋದ್ಲು."

"ಯಾವೂರಿಗಪ್ಪಾ? ನಮ್ಮೂರಿಗಂತೂ ಹೋದ್ ಯುಗಾದಿಗೆ ಬಂದಿದ್ದೇ ಕೊನೆ. ದೀಪಾವಳಿ ಆದ್ಮೇಲೆ ಬರ್ತಾಳೆ ಅಂತ ಒಬ್ಬಟ್ಟು ಮಾಡ್ಕೊಂಡು ಕಾದೆ. ನಿಂಗೆ ಜ್ವರ, ಬಿಟ್ ಬರೋಕಾಗಲ್ಲ ಅಂತ ಫೋನ್ ಮಾಡಿದ್ಲು. ಅದೇನ್ ಗಾಳಿಯಪ್ಪಾ ನಿಮ್ಮೂರಲ್ಲಿ! ಹಿಂದ್ಗಡೆ ಭೋರ್, ಭೋರ್ ಅಂತ ಸದ್ದು. ಯಾರೋ ಬೇರೆ 'ದೋಣಿ ಹತ್ತಿ, ದೋಣಿ ಹತ್ತಿ' ಅಂತ ಕೂಗ್ತಿದ್ರು. ಕೆರೆ ಕೋಡಿ ಬಿದ್ದಿತ್ತೇನಪ್ಪಾ?"

ಮುನಿಯಲ್ಲಪ್ಪನ ಕೈ ಕೆಚ್ಚಲಿನ ಮೇಲೇ ನಿಂತುಹೋಯಿತು. ಬೆಳ್ಳಗಿನ ಮರಳು. ಸುಟ್ಟ ಬದನೆಕಾಯಿ. ಥೇಟ್ ಸಮುದ್ರದ್ ನೀರು.

"ಭೋರ್ ಅಂತಾನಾ?" ಎಂದು ತನ್ನ ಸ್ವಂತ ಗಂಡು ಗಂಟಲಿನಲ್ಲಿ ಅರಚಿದ.

ಸಾವಿತ್ರಿಗೆ ಗುರುತು ಸಿಕ್ಕಿತು. ಹಿಂಗಾಲು ಒಂದೇ ಸಲ ಬೀಸಿದಳು. ಬಕೆಟ್ಟು ಒಂದು ಕಡೆ, ಮುನಿಯಲ್ಲಪ್ಪ ಒಂದು ಕಡೆ. ನೊರೆನೊರೆಯಾಗಿ ನುಗ್ಗಿ ಬಂದ ಹಾಲು ಅವನ ಪಾದ ತೊಳೆದು, ಗೋಡೆಗೆ ಬಡಿದು, ಮೆಲ್ಲಗೆ ಹಿಂದಕ್ಕೆ ಹರಿಯಿತು.

"ಅಲ್ಲುಡೂ, ಏನಪ್ಪಾ ಅದು ಸದ್ದು?" ಎಂದು ಫೋನು ನೆಲದ ಮೇಲಿಂದ ಕೇಳುತ್ತಿತ್ತು.

"ಸಮುದ್ರ, ಅತ್ತೆ," ಎಂದ ಮುನಿಯಲ್ಲಪ್ಪ.