ಸಾಹೇಬನ ಎರಡು ಹೊತ್ತಿನ ಮಾತ್ರೆ

ಇಷ್ಟೆಲ್ಲ ರಂಪಕ್ಕೆ ಕಾರಣವಾದದ್ದು ಒಂದು ಮಾತ್ರೆ. ಅದೂ ಎಂಥದ್ದು, ಬೆರಳ ತುದಿಯಲ್ಲಿ ಇಟ್ಟುಕೊಂಡರೆ ಇದೆಯೋ ಬಿತ್ತೋ ಎಂದು ಇನ್ನೊಮ್ಮೆ ನೋಡಬೇಕು, ಅಷ್ಟು ಪುಟ್ಟದು. ಬೆಲೆ ಮಾತ್ರ ಪುಟ್ಟದಲ್ಲ. ಬೆಳಗ್ಗೆ ಒಂದು, ಸಂಜೆ ಒಂದು, ಜೀವ ಇರುವವರೆಗೂ ಕೊಡಬೇಕು ಎಂದು ಪ್ರಾಣಿಗಳ ಡಾಕ್ಟರು ಹೇಳಿಬಿಟ್ಟಿದ್ದರು. ಜೀವ ಎಂದರೆ ಸಾಹೇಬನ ಜೀವ. ಸಾಹೇಬ ಎಂದರೆ ವಾಚ್ ರಿಪೇರಿಯವನ ಬೆಕ್ಕು. ಹದಿನಾರು ವರ್ಷದ ಮುದಿ ಗಂಡು ಬೆಕ್ಕು, ಥೈರಾಯ್ಡ್ ರೋಗಿ. ಆ ರೋಗ ಬಂದ ಬೆಕ್ಕು ಎಷ್ಟು ತಿಂದರೂ ಇನ್ನಷ್ಟು ಬೇಕು ಎನ್ನುತ್ತದೆ, ಎಷ್ಟು ತಿಂದರೂ ಸೊರಗುತ್ತಲೇ ಹೋಗುತ್ತದೆ. ಮಾತ್ರೆ ಹೊಟ್ಟೆಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೆಂಡತಿ ಮನೆಯಲ್ಲಿದ್ದಾಗ ಈ ಖರ್ಚು ಯಾರಿಗೂ ಭಾರವೆನಿಸಿರಲಿಲ್ಲ. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಇವನ ಸಂಪಾದನೆ ಆಡಿಕೊಳ್ಳುವಂಥದ್ದೇ. ಎಲ್ಲರ ಕೈಗೂ ಫೋನು ಬಂದ ಮೇಲೆ ಹೊತ್ತು ನೋಡಲು ವಾಚು ಕಟ್ಟುವವರು ಯಾರು? ಮೂರು ತಿಂಗಳ ಹಿಂದೆ ಇಬ್ಬರೂ ಬೇರೆಯಾದರು. ಯಾಕೆ ಎಂದು ಕೇಳಿದರೆ ಇಬ್ಬರೂ ಉದ್ದುದ್ದ ಕಾರಣ ಹೇಳುತ್ತಿದ್ದರು, ಒಬ್ಬರ ಕಾರಣಕ್ಕೂ ಇನ್ನೊಬ್ಬರ ಕಾರಣಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಅವಳು ಊರಿನ ಆ ತುದಿಯಲ್ಲಿದ್ದ ಅಕ್ಕನ ಮನೆ ಸೇರಿಕೊಂಡಳು. ಪಾತ್ರೆ, ಮಂಚ, ಹೊಲಿಗೆ ಯಂತ್ರ ಎಲ್ಲವೂ ತಕರಾರಿಲ್ಲದೆ ಪಾಲಾದವು. ಬೆಕ್ಕನ್ನು ಪಾಲು ಮಾಡುವುದು ಹೇಗೆ ಎಂದು ತಿಳಿಯದೆ ವಿಷಯ ಕೌಟುಂಬಿಕ ಸಲಹಾ ಕೇಂದ್ರದ ಮೇಡಂ ಮುಂದೆ ಹೋಯಿತು.

ವಾಚ್ ರಿಪೇರಿಯವನ ಬೇಡಿಕೆ ಎರಡು. ಸಾಹೇಬ ತನ್ನ ಹತ್ತಿರವೇ ಇರಬೇಕು. ಮಾತ್ರೆಯ ಅರ್ಧ ಖರ್ಚು ಅವಳು ಕೊಡಬೇಕು. ವಿಚಾರಣೆಯ ದಿನ ಬೆಳಗ್ಗೆ ಇದನ್ನು ಕೇಳಿ ಕೆಳಮನೆಯ ನಿವೃತ್ತ ಹೆಡ್ ಕ್ಲರ್ಕು ಕನ್ನಡಕ ಮೂಗಿನ ತುದಿಗೆ ಇಳಿಸಿದರು.

"ನೋಡಪ್ಪ, ಅರ್ಧ ದುಡ್ಡು ಬೇಕು ಅಂದ್ರೆ ನೀನು ಬಡವನ ಥರ ಕಾಣ್ಬೇಕು. ನನ್ನ ಸರ್ವೀಸಲ್ಲಿ ಎಷ್ಟು ಅರ್ಜಿ ನೋಡಿಲ್ಲ! ಹರಿದ ಅಂಗಿ ಕಂಡ ಕೂಡ್ಲೇ ಸಹಿ ಬೀಳುತ್ತೆ."

"ನಿಮ್ಮ ತಲೆ!" ಎನ್ನುತ್ತ ಮೇಲ್ಮನೆಯ ದೊಡ್ಡಮ್ಮ ಮೆಟ್ಟಿಲು ಇಳಿದು ಬಂದರು. ಅವರು ಯಾರಿಗೂ ದೊಡ್ಡಮ್ಮನಾಗಬೇಕಿರಲಿಲ್ಲ, ಆದರೆ ಇಡೀ ಬೀದಿಗೇ ದೊಡ್ಡಮ್ಮ. "ಅಂಗಿ ಹೊಲಿಸ್ಕೊಳ್ಳೋಕೆ ಗತಿ ಇಲ್ಲದವನ ಕೈಗೆ ಕಾಯಿಲೆ ಬೆಕ್ಕನ್ನ ಯಾರಪ್ಪ ಕೊಡ್ತಾರೆ? ಬೆಕ್ಕು ಬೇಕು ಅಂದ್ರೆ ಅನುಕೂಲಸ್ಥನ ಹಾಗೆ ಹೋಗು."

"ಅನುಕೂಲಸ್ಥನಿಗೆ ಅರ್ಧ ದುಡ್ಡು ಯಾಕ್ರೀ ಕೊಡ್ತಾರೆ?"

"ದುಡ್ಡು ಬಂದು ಬೆಕ್ಕೇ ಹೋದ್ರೆ ಮಾತ್ರೆ ನೀವು ನುಂಗ್ತೀರಾ?"

ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಅದೇ ಪೇಚಾಟಕ್ಕೆ ಬಂದದ್ದು. ಬಡವನಾದರೆ ಬೆಕ್ಕು ಹೋಯಿತು, ಸಾಹುಕಾರನಾದರೆ ದುಡ್ಡು ಹೋಯಿತು. ಕೊನೆಗೆ ಯಾರ ಮನಸ್ಸನ್ನೂ ನೋಯಿಸುವ ಧೈರ್ಯವಿಲ್ಲದ ವಾಚ್ ರಿಪೇರಿಯವನು ಎರಡನ್ನೂ ತೊಟ್ಟುಕೊಂಡ. ಒಳಗೆ ಹೆಡ್ ಕ್ಲರ್ಕು ಹುಡುಕಿ ಕೊಟ್ಟ, ಕಾಲರು ಸವೆದ, ಮೊಣಕೈ ಹರಿದ ಅಂಗಿ. ಮೇಲೆ ದೊಡ್ಡಮ್ಮನ ಯಜಮಾನರ ಉಣ್ಣೆಯ ಕೋಟು. ಕೈಗೆ, ಅಂಗಡಿಗೆ ರಿಪೇರಿಗೆಂದು ಬಂದಿದ್ದ ಒಂದು ಚಿನ್ನದ ವಾಚು. ಮಾತ್ರೆಯ ಮಾತು ಬಂದಾಗ ಕೋಟು ತೆಗೆಯುವುದು, ಬೆಕ್ಕಿನ ಮಾತು ಬಂದಾಗ ಹಾಕಿಕೊಳ್ಳುವುದು ಎಂದು ತೀರ್ಮಾನವಾಯಿತು. ಸಾಹೇಬನನ್ನು ಬುಟ್ಟಿಯೊಳಗೆ ತುರುಕಿ, ಮೂವರೂ ಬಸ್ಸು ಹತ್ತಿದರು. ಸಲಹೆಗಾರರಿಬ್ಬರೂ ಯಾಕೆ ಬರಬೇಕು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೇಂದ್ರದ ಮೊಗಸಾಲೆಯಲ್ಲಿ ಎದುರು ಬೆಂಚಿನ ಮೇಲೆ ಹೆಂಡತಿ ಕುಳಿತಿದ್ದಳು. ಅವಳನ್ನು ಕಂಡು ಇವನ ಕಣ್ಣು ಅಲ್ಲೇ ನೆಟ್ಟಿತು. ಮೈಮೇಲೆ ಬಣ್ಣಗೆಟ್ಟ, ಎರಡು ಕಡೆ ತೇಪೆ ಹಾಕಿದ ಶಾಲು. ಕಿವಿಯಲ್ಲಿ ಮಾತ್ರ ಅಕ್ಕನ ವಜ್ರದ ಓಲೆ ಧಗಧಗಿಸುತ್ತಿತ್ತು. ಅವಳ ಕಡೆಯೂ ಒಬ್ಬ ಹೆಡ್ ಕ್ಲರ್ಕು, ಒಬ್ಬ ದೊಡ್ಡಮ್ಮ ಇದ್ದಾರೆ ಎಂದು ವಾಚ್ ರಿಪೇರಿಯವನಿಗೆ ಆ ಕ್ಷಣದಲ್ಲೇ ಅರ್ಥವಾಗಿ ಹೋಯಿತು.

ಒಳಗೆ ಮೇಡಂ ಗಂಭೀರವಾಗಿ ಕುಳಿತಿದ್ದರು. ಗಂಡ ಹೆಂಡಿರ ಜಗಳ ಕೇಳಿ ಕೇಳಿ ಅವರ ಮುಖಕ್ಕೆ ಆಶ್ಚರ್ಯವೆಂಬುದೇ ಮರೆತುಹೋಗಿತ್ತು.

"ಬೆಕ್ಕು ಯಾರ ಹತ್ರ ಇರ್ಬೇಕು ಅಂತೀರಿ?"

"ನನ್ನ ಹತ್ರ ಮೇಡಂ," ಎಂದು ಇವನು ಕೋಟಿನ ಗುಂಡಿ ಹಾಕಿಕೊಂಡ. "ನನ್ನ ಹತ್ರ," ಎಂದು ಅವಳು ಶಾಲು ಜಾರಿಸಿ ಓಲೆ ತೋರಿಸಿದಳು.

"ಸರಿ. ಮಾತ್ರೆ ಖರ್ಚು?"

ಇವನು ಗುಂಡಿ ಬಿಚ್ಚಿ ಕೋಟು ತೆಗೆದು ಮೊಣಕೈ ಮುಂದೆ ಮಾಡಿದ. ಅವಳು ಶಾಲನ್ನು ತಲೆಯ ಮೇಲೆ ಎಳೆದುಕೊಂಡು ನಿಟ್ಟುಸಿರು ಬಿಟ್ಟಳು.

"ಅಲ್ಲ, ಖರ್ಚು ಮಾಡೋ ಶಕ್ತಿ ಇಲ್ದಿದ್ರೆ ಬೆಕ್ಕು ಸಾಕೋದು ಹೇಗೆ?"

ಕೋಟು ಮೇಲೇರಿತು, ಶಾಲು ಕೆಳಗಿಳಿಯಿತು.

"ಹಾಗಾದ್ರೆ ಪೂರ್ತಿ ಖರ್ಚು ನೀವೇ ಕೊಡಿ."

ಕೋಟು ಕೆಳಗಿಳಿಯಿತು, ಶಾಲು ಮೇಲೇರಿತು.

"ಏನ್ರೀ ಇದು!" ಮೇಡಂ ಮೇಜು ಗುದ್ದಿದರು. "ಇಬ್ಬರಿಗೂ ಚಳಿಜ್ವರ ಬಂದಿದ್ಯಾ? ಮೊದಲು ನೆಟ್ಟಗೆ ಕೂತ್ಕೊಳ್ಳಿ." ಆಮೇಲೆ ಇವನ ಮಣಿಕಟ್ಟನ್ನೇ ದಿಟ್ಟಿಸಿದರು. "ಆ ವಾಚು ಸ್ವಲ್ಪ ಕೊಡಿ ಇಲ್ಲಿ."

ವಾಚ್ ರಿಪೇರಿಯವನು ಹೆಮ್ಮೆಯಿಂದಲೇ ಬಿಚ್ಚಿ ಕೊಟ್ಟ. ಮೇಡಂ ಅದನ್ನು ತಿರುಗಿಸಿ ಹಿಂಭಾಗ ನೋಡಿದರು, ಕಿವಿಗಿಟ್ಟುಕೊಂಡು ಕೇಳಿದರು.

"ಚೆನ್ನಾಗೇ ಓಡ್ತಿದೆಯಲ್ಲ! ಇದು ನಮ್ಮ ಯಜಮಾನರ ವಾಚು ಕಣ್ರೀ. ಎರಡು ತಿಂಗಳಿಂದ ಹೋದಾಗೆಲ್ಲ 'ಪಾರ್ಟ್ ಬಂದಿಲ್ಲ' ಅಂತ ಹೇಳಿ ಕಳಿಸ್ತಿದ್ದೀರಂತೆ?"

ಪಾರ್ಟು ಬಂದು ವಾಚು ಸರಿಹೋದದ್ದು ಹಿಂದಿನ ದಿನ. ಬೆಳಗ್ಗೆಯೇ ಕೊಟ್ಟುಬಿಟ್ಟಿದ್ದರೆ ಕಟ್ಟಿಕೊಳ್ಳಲು ಬೇರೆ ಚಿನ್ನದ ವಾಚು ಇರಲಿಲ್ಲ ಎಂದು ಹೇಳುವುದು ಹೇಗೆ? ಪಕ್ಕದಲ್ಲಿ ಕಿಸಕ್ಕನೆ ಸದ್ದಾಯಿತು. ಹೆಂಡತಿ ಶಾಲು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

"ನಗ್ಬೇಡಮ್ಮ," ಎಂದರು ಮೇಡಂ. "ನಿನ್ನ ಓಲೆ ಯಾರದ್ದು?"

ನಗು ನಿಂತಿತು. "ಅಕ್ಕಂದು ಮೇಡಂ. ಸಾಯಂಕಾಲದೊಳಗೆ ವಾಪಸ್ ಕೊಡ್ಬೇಕು."

"ಒಳ್ಳೇ ಜೋಡಿ! ಸರಿ, ದುಡ್ಡಿನ ಮಾತು ಆಮೇಲೆ. ಮಾತ್ರೆ ಬೆಕ್ಕಿನ ಹೊಟ್ಟೆಗೆ ಹೋಗ್ತಿದೆಯೋ ಇಲ್ವೋ, ಅದು ಹೇಳಿ."

"ಹೋಗ್ತಿದೆ ಮೇಡಂ," ಎಂದ ಇವನು, ನೆಲ ನೋಡುತ್ತ.

"ಸುಳ್ಳು!" ಎಂದಳು ಅವಳು. "ಬುಟ್ಟಿಯೊಳಗೆ ನೋಡಿ ಮೇಡಂ, ಮೂಳೆ ಎಣಿಸ್ಬಹುದು. ಇವರು ಊಟದಲ್ಲಿ ಬಚ್ಚಿಟ್ಟು ಕೊಡ್ತಾರೆ. ಅವನು ಊಟ ಎಲ್ಲ ನೆಕ್ಕಿ, ಮಾತ್ರೆನ ತಟ್ಟೆ ಅಂಚಲ್ಲಿ ಬಿಡ್ತಾನೆ."

ಅದು ನಿಜವಾಗಿತ್ತು. ತಟ್ಟೆಯ ಅಂಚಿನಲ್ಲಿ ಒದ್ದೆಯಾಗಿ ಕುಳಿತ ಮಾತ್ರೆಯನ್ನು ದಿನಾ ನೋಡಿ, ದಿನಾ ಕಸಕ್ಕೆ ಎಸೆದು, ದಿನದಿನಕ್ಕೆ ಹಗುರಾಗುತ್ತಿದ್ದ ಸಾಹೇಬನನ್ನು ತೊಡೆಯ ಮೇಲಿಟ್ಟುಕೊಂಡು ಕೂರುವಾಗ ಅವನ ಕರುಳು ಕಿತ್ತು ಬರುತ್ತಿತ್ತು. ಆದರೆ ಅದನ್ನು ಇವಳ ಎದುರಿಗೆ ಒಪ್ಪಿಕೊಳ್ಳುವುದುಂಟೆ?

"ಹೋಗುತ್ತೆ ಅಂದ್ನಲ್ಲ! ಬೇಕಾದ್ರೆ ಈಗ್ಲೇ ತೋರಿಸ್ತೀನಿ," ಎಂದುಬಿಟ್ಟ.

ಅನ್ನಬಾರದಿತ್ತು. ಜೇಬಿನಿಂದ ಮಾತ್ರೆ ತೆಗೆದು ಬುಟ್ಟಿಯ ಮುಚ್ಚಳ ತೆರೆದದ್ದೇ ತಡ, ರೋಗಿ ಎಂದು ಹೆಸರಾಗಿದ್ದ ಸಾಹೇಬ ಅವನ ಹೆಗಲ ಮೇಲಿಂದ ಕಪಾಟಿಗೆ, ಕಪಾಟಿನಿಂದ ಕಿಟಕಿಯ ಪರದೆಗೆ, ಪರದೆಯಿಂದ ಮೇಡಂ ಮೇಜಿಗೆ ಹಾರಿದ. ಫೈಲುಗಳು ಉದುರಿದವು, ನೀರಿನ ಲೋಟ ಮಗುಚಿತು. ವಾಚ್ ರಿಪೇರಿಯವನು ಮುಖದ ಮೇಲೆ ಎರಡು ಗೀರು ಹಾಕಿಸಿಕೊಂಡು, ಇಂಗು ತಿಂದ ಮಂಗನಂತೆ ಕೈಯಲ್ಲಿ ಮಾತ್ರೆ ಹಿಡಿದು ನಿಂತ.

"ಬಿಡಿ, ನಿಮ್ಮ ಕೈಲಾಗಲ್ಲ," ಎಂದು ಅವಳು ಮುಂದೆ ಬಂದಳು. ಸಾಹೇಬ ಅವಳಿಗೂ ದಾಕ್ಷಿಣ್ಯ ತೋರಿಸಲಿಲ್ಲ. ಅಕ್ಕನ ಓಲೆಯೊಂದು ಕಳಚಿ ಮೇಜಿನ ಕೆಳಗೆ ಉರುಳಿತು. ಮೇಡಂ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಬಾಗಿಲ ಸಂದಿಯಲ್ಲಿ ಮೇಲೊಂದು ಕೆಳಗೊಂದು ಕಣ್ಣು ಇಣುಕುತ್ತಿದ್ದವು. ಮೇಲಿನದು ಹೆಡ್ ಕ್ಲರ್ಕರದು, ಕೆಳಗಿನದು ದೊಡ್ಡಮ್ಮನದು.

ಆಗ ಬೆಕ್ಕು ಕಪಾಟಿನ ಮೂಲೆಗೆ ಸೇರಿಕೊಂಡಿತು. ಮುದಿ ಜೀವ, ಬುಸುಬುಸು ಎಂದು ಏದುಸಿರು ಬಿಡುತ್ತಿತ್ತು. ಅದನ್ನು ನೋಡಿ ಇಬ್ಬರಿಗೂ ಜಗಳ ಮರೆತೇಹೋಯಿತು. ಇವನು ಬಿಚ್ಚಿಟ್ಟಿದ್ದ ದೊಡ್ಡಮ್ಮನ ಯಜಮಾನರ ಕೋಟನ್ನು ಎತ್ತಿಕೊಂಡು ಮೆಲ್ಲಗೆ ಬೆಕ್ಕಿನ ಮೇಲೆ ಹೊದಿಸಿ, ನಾಲ್ಕು ಕಾಲನ್ನೂ ಒಳಗೆ ಸೇರಿಸಿ, ಕೂಸಿನ ಹಾಗೆ ಸುತ್ತಿ ಎದೆಗೆ ಅವುಚಿಕೊಂಡ. ಅವಳು ಹೆಬ್ಬೆರಳಿನಿಂದ ದವಡೆಯ ಮೂಲೆ ಒತ್ತಿದಳು. ಬಾಯಿ ತೆರೆಯಿತು. ಇವನು ತಲೆಯನ್ನು ಅಷ್ಟೇ ಅಷ್ಟು ಹಿಂದಕ್ಕೆ ವಾಲಿಸಿದ. ಮಾತ್ರೆ ಒಳಗೆ ಹೋಯಿತು. ಅವಳು ಮೂಗಿನ ಮೇಲೆ ಉಫ್ ಎಂದು ಊದಿದಳು, ಇವನು ಗಂಟಲು ಸವರಿದ. ಗುಳುಕ್. ಸಾಹೇಬ ನಾಲಿಗೆಯಿಂದ ಮೂಗು ನೆಕ್ಕಿಕೊಂಡ.

"ಜಾಣ ನನ್ನಪ್ಪ," ಎಂದರು ಇಬ್ಬರೂ ಒಟ್ಟಿಗೆ. ಆಮೇಲೆ ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸಿಕೊಂಡರು.

ಮೇಡಂ ಕುರ್ಚಿಯಿಂದ ಇಳಿದರು. ಅವರ ಮುಖದಲ್ಲಿ ಎಷ್ಟೋ ವರ್ಷಗಳ ಮೇಲೆ ಆಶ್ಚರ್ಯ ಕಾಣಿಸಿಕೊಂಡಿತ್ತು.

"ಕೇಳಿ. ಮುದಿ ಬೆಕ್ಕಿಗೆ ಮನೆ ಬದಲಾಯಿಸ್ಬಾರದು, ಅಲ್ಲೇ ಇರ್ಲಿ. ಮಾತ್ರೆ ಖರ್ಚು ಅರ್ಧ ಅರ್ಧ."

ವಾಚ್ ರಿಪೇರಿಯವನು ಕೇಳಿದ್ದು ಎರಡು, ಎರಡೂ ಸಿಕ್ಕವು! ಬಾಗಿಲ ಹಿಂದೆ ಹೆಡ್ ಕ್ಲರ್ಕು "ಹರಿದ ಅಂಗಿ ನಂದು!" ಎಂದರೆ ದೊಡ್ಡಮ್ಮ "ಕೋಟು ನಂದು!" ಎಂದರು.

"ಇನ್ನೂ ಮುಗಿದಿಲ್ಲ," ಮೇಡಂ ಕೈ ಎತ್ತಿದರು. "ಒಬ್ಬರ ಕೈಲಿ ಇದು ಆಗೋ ಕೆಲಸ ಅಲ್ಲ. ಬೆಳಗ್ಗೆ, ಸಂಜೆ, ಎರಡು ಹೊತ್ತೂ ಇಬ್ಬರೂ ಹಾಜರಿದ್ದು ಮಾತ್ರೆ ಹಾಕ್ಬೇಕು. ಅವರು ನಿಮ್ಮ ಮನೆಗೆ ಬರೋದ್ರಿಂದ ಓಡಾಟದ ಖರ್ಚು ನಿಮ್ಮದು. ಒಪ್ಪಿಗೇನಾ?"

"ಒಪ್ಪಿಗೆ ಮೇಡಂ!" ಎಂದ ವಾಚ್ ರಿಪೇರಿಯವನು, ಒಂದು ಕ್ಷಣವೂ ಯೋಚಿಸದೆ.

ಮನೆಗೆ ಬಂದದ್ದು ಮೆರವಣಿಗೆಯ ಹಾಗೆಯೇ. ದೊಡ್ಡಮ್ಮ ಬಸ್ಸಿನಲ್ಲಿ ಕಂಡಕ್ಟರಿಗೂ ಕೇಸಿನ ವಿವರ ಹೇಳಿದರು. ಬೀದಿಯ ಮೂಲೆಯಲ್ಲಿ ಇಳಿಯುತ್ತಲೇ "ಗೆದ್ದ! ನಮ್ಮ ಹುಡುಗ ಎರಡಕ್ಕೂ ಗೆದ್ದ!" ಎಂದು ಸಾರಿದರು. ನಲವತ್ತೈದು ವರ್ಷದ ಹುಡುಗ ಮುಖದ ಗೀರುಗಳನ್ನು ಪದಕದ ಹಾಗೆ ಹೊತ್ತು, ಬುಟ್ಟಿ ಎತ್ತಿ ಹಿಡಿದು ನಡೆದ.

ಸಂಜೆ ಹೇಳಿದ ಹೊತ್ತಿಗೆ ಹೆಂಡತಿ ಬಂದಳು. ಒಳಗೆ ಕೋಣೆಯಲ್ಲಿ ಗುಳುಕ್ ಎಂಬ ಸದ್ದಾಯಿತು. ಸಾಹೇಬ ಹೊಟ್ಟೆ ತುಂಬ ತಿಂದು, ಮೂರು ತಿಂಗಳಲ್ಲಿ ಮೊದಲ ಬಾರಿಗೆ, ಅವಳು ಹಿಂದೆ ಕೂರುತ್ತಿದ್ದ ಕುರ್ಚಿಯ ಮೇಲೆ ಕಾಲು ಚಾಚಿ ಮಲಗಿದ. ವಾಚ್ ರಿಪೇರಿಯವನು ಅವನನ್ನು ಕಣ್ತುಂಬ ನೋಡಿದ. ಹೊರಗೆ ಬಂದು ಜಗುಲಿಯ ಮೇಲೆ ಕುಳಿತ.

ಅಲ್ಲಿ ಹೆಡ್ ಕ್ಲರ್ಕು ಬೆರಳು ಮಡಿಸುತ್ತ ಕೂತಿದ್ದರು. "ಅಲ್ಲಪ್ಪ, ಬರೋಕೆ ಎರಡು ಬಸ್ಸು, ಹೋಗೋಕೆ ಎರಡು ಬಸ್ಸು. ಅದೂ ದಿನಕ್ಕೆ ಎರಡು ಸಲ. ಅವಳು ಕೊಡೋ ಮಾತ್ರೆಯ ಅರ್ಧ ದುಡ್ಡಿಗಿಂತ ನೀನು ಕೊಡೋ ಬಸ್ ಚಾರ್ಜೇ ಜಾಸ್ತಿ ಆಗುತ್ತಲ್ಲೋ! ಸೋತಿದ್ರೇ ಲಾಭ ಇತ್ತು!"

"ಗೊತ್ತು ಸಾರ್," ಎಂದ ವಾಚ್ ರಿಪೇರಿಯವನು. "ಆ ಲೆಕ್ಕ ನಂಗೆ ಅಲ್ಲೇ ಬಂತು, ಮೇಡಂ ಬಾಯಿ ಮುಚ್ಚೋದರೊಳಗೆ. ಅದಕ್ಕೇ ಬೇಗ ಒಪ್ಕೊಂಡುಬಿಟ್ಟೆ, ಅವಳಿಗೆ ಹೊಳೆಯೋದರೊಳಗೆ."

ಹೆಡ್ ಕ್ಲರ್ಕರ ಬೆರಳು ಮಡಿಸಿದ್ದು ಮಡಿಸಿದಂತೆಯೇ ಉಳಿಯಿತು. ದೊಡ್ಡಮ್ಮ ಮಾತ್ರ ಹಣೆ ಚಚ್ಚಿಕೊಂಡರು.

"ಅಯ್ಯೋ ಮಂಕೆ! ಅಷ್ಟು ಆಸೆ ಇದ್ರೆ ಇಲ್ಲೇ ಇದ್ದುಬಿಡು ಅನ್ನಬಾರದಾ? ಬಸ್ ದುಡ್ಡಾದ್ರೂ ಉಳೀತಿತ್ತು."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರಿಗೂ ತಿಳಿಯಲಿಲ್ಲ. ತುಟಿಯ ಅಂಚಿನಲ್ಲಿ ನಗು ಇತ್ತು.

"ಹದಿನೆಂಟು ವರ್ಷ ಇಲ್ಲಿ ಪುಕ್ಕಟೆ ಇದ್ದೆ ದೊಡ್ಡಮ್ಮ," ಎಂದಳು. "ಈಗ ಬಂದು ಹೋಗೋಕೆ ಕೈಗೆ ದುಡ್ಡು ಸಿಗುತ್ತೆ. ಯಾಕೆ ಬಿಡ್ಲಿ?"

ಹೀಗೆಂದವಳೇ ಗಂಡನ ಮುಂದೆ ಕೈ ಚಾಚಿದಳು.