ಅತ್ತೆಯನ್ನು ಕತ್ತರಿಸಿ ಅಂಟಿಸಿದ್ದು

ಹವ್ಯಾಸ ಇಟ್ಟುಕೊಂಡರೆ ಮನಸ್ಸಿಗೆ ನೆಮ್ಮದಿಯಂತೆ. ನನಗೆ ಮಾತ್ರ ಅದರಿಂದ ಸಿಗುವುದು ಮರ್ಯಾದೆ ಹೋಗುವ ಹೊಸ ಹೊಸ ದಾರಿಗಳು. ಒಂದನ್ನು ಜನ ಮರೆಯುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ನಾನು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ರೆಕಾರ್ಡ್ ನೋಡಿಕೊಳ್ಳುವವಳು. ಮನೆ ಮಣ್ಣಗುಡ್ಡ. ಹವ್ಯಾಸ ಡಿಜಿಟಲ್ ಸ್ಕ್ರಾಪ್‌ಬುಕ್. ಅಂದರೆ ಕತ್ತರಿ, ಗೋಂದು ಮುಟ್ಟದೆ ಕಂಪ್ಯೂಟರಿನಲ್ಲೇ ಫೋಟೋ ಕತ್ತರಿಸಿ, ಸುತ್ತ ಹೂವು, ಲೇಸು, ನಾಲ್ಕು ಸಾಲು ಬರಹ ಸೇರಿಸಿ ಚಂದದ ಪುಟ ಮಾಡುವುದು. ನಮ್ಮದು ಏಳು ಜನರ ವಾಟ್ಸಾಪ್ ಗುಂಪು. ತಿಂಗಳಿಗೊಮ್ಮೆ ಕಾವೂರಿನಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಟೀಚರ ಮನೆಯಲ್ಲಿ ಸೇರಿ, ಮಾಡಿದ್ದನ್ನು ತೋರಿಸಿ, ಕಲಿತದ್ದನ್ನು ಹಂಚಿಕೊಳ್ಳುತ್ತೇವೆ.

ನನ್ನ ಇಷ್ಟೆಲ್ಲ ಒದ್ದಾಟ ಒಂದೇ ಒಂದು ಮಾತಿಗಾಗಿ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ನಾನು ಮಾಡಿದ ಯಾವುದಕ್ಕೂ ನನ್ನ ಅತ್ತೆ ‘ಪೊರ್ಲುಂಡು’ ಅಂದದ್ದಿಲ್ಲ. ಚಂದ ಉಂಟು ಅನ್ನುವುದಕ್ಕೆ ತುಳುವಿನಲ್ಲಿ ಅಷ್ಟೇ ಸಾಕು. ಪಕ್ಕದ ಮನೆಯ ಬೆಕ್ಕಿಗೂ ಅವರು ಅದನ್ನು ಅಂದಿದ್ದಾರೆ. ನನ್ನ ನೀರುದೋಸೆಗೆ, ನಾನು ಹೊಲಿದ ದಿಂಬಿನ ಕವರಿಗೆ ಬರುವುದು ಬರೀ ಒಂದು ‘ಹೂಂ’. ಅವರ ಎಂಬತ್ತನೇ ಹುಟ್ಟುಹಬ್ಬಕ್ಕೆ ಒಂದು ದೊಡ್ಡ ಪುಟ ಮಾಡಿ, ಫ್ರೇಮ್ ಹಾಕಿಸಿ ಕೊಟ್ಟು, ಆ ಮಾತನ್ನು ಅವರ ಬಾಯಿಂದ ಹೊರಡಿಸಿಯೇ ಸಿದ್ಧ ಎಂದು ನಾನು ಹಟ ಹಿಡಿದೆ.

೧. ಸೂರ್ಯನ ನೆರಳು

ಟೀಚರ ಮೊದಲ ಪಾಠ ನೆರಳಿನದ್ದು. “ಪುಟದಲ್ಲಿ ಇಟ್ಟ ಪ್ರತಿಯೊಂದರ ಅಡಿಗೂ ಸಣ್ಣ ನೆರಳು ಹಾಕಬೇಕು. ಇಲ್ಲದಿದ್ರೆ ಎಲ್ಲ ಗಾಳಿಯಲ್ಲಿ ತೇಲಿದ ಹಾಗೆ ಕಾಣ್ತದೆ” ಅಂದರು.

ನಾನು ಮೊದಲಿನಿಂದಲೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ನಾವು ಪಣಂಬೂರು ಬೀಚಿಗೆ ಹೋಗಿದ್ದ ದಿನದ ಪುಟ ಮಾಡಿದೆ. ಒಂಟೆಗೆ ನೆರಳು ಹಾಕಿದೆ, ಐಸ್‌ಕ್ರೀಮಿಗೆ ಹಾಕಿದೆ, ಅಲೆಗಳಿಗೆ ಒಂದೊಂದಕ್ಕೂ ಹಾಕಿದೆ. ಮೇಲೆ ಮೂಲೆಯಲ್ಲಿದ್ದ ಸೂರ್ಯನಿಗೆ ಯಾಕೆ ಅನ್ಯಾಯ ಎಂದು ಅದಕ್ಕೂ ಹಾಕಿ, ಕಾವೂರಿಗೆ ಒಯ್ದು ಹೆಮ್ಮೆಯಿಂದ ತೋರಿಸಿದೆ.

ಟೀಚರ್ ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಎಲ್ಲ ಸರಿ ಮಾರಾಯ್ತಿ, ಸೂರ್ಯನ ಹಿಂದೆ ಟಾರ್ಚ್ ಹಿಡಿದು ನಿಂತವರು ಯಾರು?”

೨. ಬಾಳ ಸಂಗಾತಿ

ಫೋಟೋದ ಹಿನ್ನೆಲೆಯನ್ನು ತಾನಾಗಿಯೇ ಅಳಿಸಿ, ಮುಖ್ಯವಾದದ್ದನ್ನು ಮಾತ್ರ ಉಳಿಸುವ ಒಂದು ಆ್ಯಪ್ ಉಂಟು ಎಂದು ಗುಂಪಿನಲ್ಲಿ ಯಾರೋ ಹೇಳಿದರು. ಅತ್ತೆಯ ಫೋಟೋ ಮುಟ್ಟುವ ಮೊದಲು ಗಂಡನ ಮೇಲೆ ಪ್ರಯೋಗ ಮಾಡುವುದು ಕ್ಷೇಮ ಎನಿಸಿತು. ಅವರು ಮೀನಿನ ದೋಣಿ ಬರುವ ದಕ್ಕೆಯಿಂದ ಒಂದು ದೊಡ್ಡ ಅಂಜಲ್ ಮೀನು ತಂದ ದಿನ, ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಗುತ್ತಾ ನಿಂತ ಫೋಟೋ ಇತ್ತು. ಬಿಳಿ ಅಂಗಿ, ಹಿಂದೆ ಬಿಳಿ ಗೋಡೆ.

ಆಸ್ಪತ್ರೆಯಲ್ಲಿ ಊಟದ ಬಿಡುವಿನಲ್ಲಿ ಕುಳಿತು ಹೃದಯದ ಆಕಾರದ ಚೌಕಟ್ಟು ಮಾಡಿದೆ. ಕೆಳಗೆ ‘ನನ್ನ ಬಾಳ ಸಂಗಾತಿ’ ಎಂದು ಬರೆದೆ. ಫೋಟೋವನ್ನು ಆ್ಯಪಿಗೆ ಕೊಟ್ಟೆ, ಅಷ್ಟರಲ್ಲಿ ಯಾರೋ ಫೈಲ್ ಕೇಳಿಕೊಂಡು ಬಂದರು. ಅವಸರದಲ್ಲಿ ಸರಿಯಾಗಿ ನೋಡದೆ ಪುಟವನ್ನು ಗುಂಪಿಗೆ ಕಳಿಸಿಬಿಟ್ಟೆ.

ಫೈಲ್ ಕೊಟ್ಟು ಬಂದು ನೋಡಿದರೆ ಹದಿನಾಲ್ಕು ಮೆಸೇಜ್. ಮೊದಲನೆಯದು, “ಅಕ್ಕ, ಅಂಜಲ್ ಭಾರೀ ಒಳ್ಳೆದು ಬಂದಿದೆ. ಭಾವ ಎಲ್ಲಿ?” ಆ್ಯಪಿನ ಲೆಕ್ಕದಲ್ಲಿ ನನ್ನ ಗಂಡ ಹಿನ್ನೆಲೆ. ಹೃದಯದೊಳಗೆ ಉಳಿದದ್ದು ಮೀನು ಮಾತ್ರ.

ಸಂಜೆ ಮನೆಯಲ್ಲಿ ಹೆದರಿ ಹೆದರಿಯೇ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, “ಪರವಾಗಿಲ್ಲ, ಐವತ್ತೆಂಟರಲ್ಲೂ ಫ್ರೆಶ್ ಕಾಣ್ತಾ ಇದ್ದೇನೆ” ಅಂದರು.

೩. ಕಿವಿಯಲ್ಲಿ ಎಂತ ಕೆಲಸ?

ಇನ್ನು ಆ್ಯಪನ್ನು ನಂಬಬಾರದು, ಅತ್ತೆಯನ್ನು ಕೈಯಾರೆ ಕತ್ತರಿಸಬೇಕು ಎಂದು ತೀರ್ಮಾನಿಸಿದೆ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತ ಅವರ ಒಳ್ಳೆಯ ಫೋಟೋ ಒಂದಿತ್ತು. ಅದನ್ನು ಪರದೆಯ ತುಂಬ ದೊಡ್ಡದು ಮಾಡಿಕೊಂಡು, ಅಂಚಿನುದ್ದಕ್ಕೂ ಕೂದಲು ಕೂದಲಾಗಿ ಬಿಡಿಸುತ್ತಾ ಹೋದೆ. ಎರಡು ವಾರ ಹಿಡಿಯಿತು. ಸತ್ಯವಾಗಿ ಹೇಳುತ್ತೇನೆ, ಅಷ್ಟು ಶ್ರದ್ಧೆಯಿಂದ ನಾನು ನನ್ನ ತಲೆಯನ್ನೂ ಬಾಚಿಕೊಂಡವಳಲ್ಲ.

ಒಂದು ಭಾನುವಾರ ಅತ್ತೆ ಹಿಂದಿನಿಂದ ಬಂದು ನಿಂತದ್ದು ಗೊತ್ತಾಗಲಿಲ್ಲ. ಪರದೆಯ ಮೇಲೆ ತಟ್ಟೆಯಷ್ಟು ದೊಡ್ಡ ಕಿವಿ, ಅದರಲ್ಲಿ ಬೆಂಡೋಲೆ.

“ಇದು ನನ್ನ ಬೆಂಡೋಲೆ ಅಲ್ವಾ?”

“ಹೌದು ಅತ್ತೆ.”

“ಇಪ್ಪತ್ತಾರು ವರ್ಷ ನಾನು ಹೇಳಿದ್ದು ನಿನ್ನ ಕಿವಿಗೆ ಹೋಗಲಿಲ್ಲ. ಈಗ ನನ್ನ ಕಿವಿಯೊಳಗೆ ನಿನಗೆ ಎಂತ ಕೆಲಸ?”

೪. ಮದುವೆಗೆ ಬಂದ ಅಮ್ಮ

ಪುಟ ಮುಗಿಯಿತು. ಸುತ್ತ ಮಲ್ಲಿಗೆ ದಂಡೆಯ ಚೌಕಟ್ಟು, ಬಲಗಡೆ ಅತ್ತೆ, ಕಾಲಡಿಗೆ ಟೀಚರ್ ಹೇಳಿದಂತೆ ಹದವಾದ ನೆರಳು. ಗುಂಪಿನಲ್ಲಿ ನಮ್ಮದೊಂದು ಪದ್ಧತಿ ಉಂಟು. ಒಬ್ಬರ ಚೌಕಟ್ಟು ಚಂದವಾದರೆ ಫೋಟೋ ತೆಗೆದು ಖಾಲಿ ಪುಟವನ್ನು ಉಳಿದವರಿಗೆ ಕೊಡಬೇಕು, ಅವರು ತಮ್ಮ ಫೋಟೋ ಹಾಕಿಕೊಳ್ಳುತ್ತಾರೆ. ಗುಂಪಿನಲ್ಲೇ ಇರುವ, ಬಂದರು ಪೇಟೆಯ ನನ್ನ ಬ್ಯಾರಿ ಗೆಳತಿ ತನ್ನ ಮಗಳ ಮದುವೆಯ ಪುಟಕ್ಕಾಗಿ ಅದನ್ನು ಕೇಳಿದಳು. ಎರಡು ವಾರದ ಕೆಲಸವನ್ನು ಅಳಿಸಲು ನನಗೆ ಕೈ ಬರಲಿಲ್ಲ. ಅತ್ತೆಯನ್ನು ಮರೆಮಾಡುವ ಗುಂಡಿ ಒತ್ತಿ, ಅವರು ಕಾಣದಂತಾದ ಮೇಲೆ ಫೈಲನ್ನು ಕಳಿಸಿದೆ.

ನನ್ನ ಕಂಪ್ಯೂಟರಿನಲ್ಲಿ ಮರೆಯಾದ ಅತ್ತೆ ಅವಳ ಫೋನಿನಲ್ಲಿ ಎದ್ದು ನಿಂತಿದ್ದಾರೆ. ಅವಳು ನಲವತ್ತು ನೆಂಟರ ಗ್ರೂಪ್ ಫೋಟೋ ಹಾಕಿದಳು. ಸಾಲಿನ ಕೊನೆಗೆ, ಮದುಮಗನ ಸೋದರಮಾವನ ಪಕ್ಕಕ್ಕೆ ಸರಿಯಾಗಿ ನಮ್ಮ ಅತ್ತೆ. ಕೂದಲು ಕೂದಲಾಗಿ ಕತ್ತರಿಸಿದ್ದೆನಲ್ಲ, ನೆರಳು ಬೇರೆ ಹಾಕಿದ್ದೆನಲ್ಲ, ಒಬ್ಬರಿಗೂ ಸಂಶಯ ಬರಲಿಲ್ಲ. ಪ್ರಿಂಟ್ ಎರಡೂ ಮನೆಗೆ ಹೋಯಿತು.

ವಾರದ ಮೇಲೆ ಗೆಳತಿಯ ಫೋನ್. “ಅಕ್ಕ, ಅದು ನಿಮ್ಮ ಅತ್ತೆ ಅಂತ ನನಗೆ ಇವತ್ತು ನೀವು ಕಳಿಸಿದ ಫೈಲ್ ಪುನಃ ತೆರೆದಾಗ ಗೊತ್ತಾದದ್ದು. ಗಂಡಿನ ಕಡೆಯ ಹಳೇ ನೆರೆಮನೆಯವರು ಅಂತ ನಾವು, ನಮ್ಮ ಕಡೆಯವರು ಅಂತ ಅವರು.”

“ಅಯ್ಯೋ, ಬೀಗಿತ್ತಿಗೆ ಸಿಟ್ಟು ಬಂತಾ?”

“ಸಿಟ್ಟು ಎಲ್ಲಿಂದ? ‘ಆ ಅಮ್ಮನನ್ನು ಅವತ್ತು ಮಾತಾಡಿಸ್ಲಿಕ್ಕೇ ಆಗ್ಲಿಲ್ಲ, ಬಿರಿಯಾನಿ ತಿನ್ನದೆ ಹೋದರೋ ಏನೋ’ ಅಂತ ಅವರು ಬೇಜಾರು ಮಾಡ್ತಾ ಇದ್ದಾರೆ.”

೫. ಪೊರ್ಲುಂಡು

ಎಂಬತ್ತನೇ ಹುಟ್ಟುಹಬ್ಬ ಬಂತು. ಮನೆ ತುಂಬ ಜನ. ಟೀಚರ್ ಬಂದರು, ಬಂದರಿನ ಗೆಳತಿಯೂ ಬಂದಳು. ಸರ್ಪ್ರೈಸ್ ಕೆಡಬಾರದೆಂದು ಫ್ರೇಮನ್ನು ಅಂಗಡಿಯಲ್ಲೇ ಬಣ್ಣದ ಕಾಗದ ಸುತ್ತಿಸಿ ತಂದಿದ್ದೆ. ಬಿಚ್ಚಿ ನೋಡಿರಲಿಲ್ಲ.

ಅತ್ತೆ ಕಾಗದ ಹರಿದರು. ಮಲ್ಲಿಗೆ ದಂಡೆ ಇತ್ತು. ‘ಎಂಬತ್ತು ತುಂಬಿದ ನಮ್ಮ ಅಮ್ಮ’ ಎಂಬ ಬರಹ ಇತ್ತು. ಅಮ್ಮ ಇರಲಿಲ್ಲ. ಗೆಳತಿಗಾಗಿ ಮರೆಮಾಡಿದವರನ್ನು ವಾಪಸು ಕರೆಯದೆ, ಅದೇ ಫೈಲಿಗೆ ಬರಹ ಸೇರಿಸಿ ನಾನು ಪ್ರಿಂಟಿಗೆ ಕೊಟ್ಟಿದ್ದೆ.

ಅತ್ತೆ ಖಾಲಿ ಜಾಗವನ್ನೇ ನೋಡಿ, “ನನ್ನನ್ನು ಈಗಲೇ ಕಳಿಸಿ ಆಯ್ತಾ?” ಅಂದರು. ನನಗೆ ನಿಂತಲ್ಲೇ ಅಳು ಬಂತು.

ನನ್ನ ಅವಸ್ಥೆ ನೋಡಲಾರದೆ ಗೆಳತಿ, ನನಗೆ ಕೊಡಲೆಂದು ತಂದಿದ್ದ ಮದುವೆಯ ಪುಟವನ್ನು ಬ್ಯಾಗಿನಿಂದ ತೆಗೆದಳು. “ಅಮ್ಮ, ನೀವು ಇಲ್ಲಿದ್ದೀರಿ ನೋಡಿ.”

ಅತ್ತೆ ಪುಟವನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು. ತಾನು ನೋಡೇ ಇರದ ಮದುವೆಯಲ್ಲಿ ತಾನು ನಗುತ್ತಾ ನಿಂತದ್ದನ್ನು ಬೆರಳಿನಿಂದ ಮುಟ್ಟಿದರು. “ಕೂದಲು ಒಂದೊಂದೂ ಕಾಣ್ತದೆ. ಬೆಂಡೋಲೆಯ ಕಲ್ಲು ಸಹ ಕಾಣ್ತದೆ” ಅಂದರು. ಆಮೇಲೆ ಮೆಲ್ಲಗೆ, “ಪೊರ್ಲುಂಡು. ಭಾರೀ ಪೊರ್ಲುಂಡು.”

ನಾನು ಕಣ್ಣೊರೆಸಿಕೊಂಡು ಮುಂದೆ ಬಂದೆ. ಗೆಳತಿಯೂ, “ಅಮ್ಮ, ಅದನ್ನು ಮಾಡಿದ್ದು ನಾನಲ್ಲ, ಅಕ್ಕನೇ” ಅಂದಳು.

ಅತ್ತೆ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನೀನು ಒಳ್ಳೆಯವಳು, ಅವಳ ಮರ್ಯಾದೆ ಉಳಿಸ್ಲಿಕ್ಕೆ ಹೇಳ್ತೀ” ಎಂದು ನನ್ನ ಕಡೆ ತಿರುಗಿದರು. “ನೋಡಿದಿಯಾ? ಕೆಲಸ ಅಂದ್ರೆ ಇದು. ನಾಳೆಯಿಂದ ಇವಳ ಮನೆಗೆ ಹೋಗಿ ಕಲಿ.”