ನಮ್ಮನೆಯವ್ರು ಭೂತ ಅಲ್ಲ

ಗುಬ್ಬಿಯಲ್ಲಿ ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ಹತೋಟಿಯಲ್ಲಿದೆ. ಅಲ್ಲಿನ ಹಿರಿಯ ನಾಟಕ ಕಲಾವಿದರೊಬ್ಬರನ್ನು ಭೂತವೆಂದು ಒಪ್ಪಲು ಅವರ ಹೆಂಡತಿ ನಿರಾಕರಿಸಿದ್ದಾರೆ. ಬೇರೆ ಮನೆಗಳಲ್ಲಿ ಈ ವಿಷಯಕ್ಕೆ ಇಷ್ಟು ವಾದ ಬೇಕಾಗುವುದಿಲ್ಲ.

ಬಹಳ ಹಿಂದೆ ಕುಣಿಗಲ್ ಕೆರೆಯಲ್ಲಿ ಒಂದು ಕಪ್ಪು-ಬಿಳುಪು ಭೂತದ ಸಿನಿಮಾ ತೆಗೆದರು. ಕೆರೆಯಿಂದ ಎದ್ದು ಬರುವ ಭೂತ ಇವರು. ಮೈಗೆಲ್ಲ ತೆಂಗಿನ ನಾರು, ಮುಖಕ್ಕೆ ಮುಖವಾಡ. ಕುತೂಹಲ ಇರಲೆಂದು ಟೈಟಲ್‌ನಲ್ಲಿ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಬಿಡುಗಡೆಯಾದಾಗ ಹೆಂಡತಿ ಬಸುರಿ. ಭೂತ ನೋಡಕೂಡದೆಂದು ಹಿರಿಯರು ಕಳಿಸಲಿಲ್ಲ. ಆಮೇಲೆ ರೀಲೇ ಕಾಣೆಯಾಯಿತು. ಈಗ ಸಿಕ್ಕಿದೆ. ನಮ್ಮ ತುಮಕೂರಿನ ಚಿತ್ರಸಂಘ ಅದನ್ನು ತೋರಿಸಲಿದೆ.

"ಊರು ಒಪ್ಪೋದು ಹಂಗಿರ್ಲಿ ಸಾರ್, ಇವಳು ಒಂದ್ಸಲ ಹೌದು ಅಂದ್ರೆ ಸಾಕು" ಎಂದರು ಇವರು. ಸಂಘದ ಪರವಾಗಿ ಈ ಸಿನಿಮಾದ ಬೆನ್ನು ಹತ್ತಿದಾಗಿನಿಂದ ನನಗೆ ಇಂಥ ಮಾತುಗಳೇ ಎದುರಾಗುತ್ತಿವೆ.

ನಡಿಗೆ

ಭೂತದ ಆ ಕಾಲೆಳೆಯುವ ನಡಿಗೆಗೆ ಯಾವುದೋ ವಿದೇಶಿ ಸಿನಿಮಾ ಪ್ರೇರಣೆಯೇ ಎಂದು ಇವರನ್ನು ಕೇಳಿದೆ.

"ಯಾವ ವಿದೇಶ? ನಮ್ಮ ನಾಟಕದ ಕಂಪನಿ ಮ್ಯಾನೇಜರ್ರು. ಕಾಲ್ಬೆರಳಿಗೆ ಉಗುರುಸುತ್ತು ಆಗಿತ್ತು. ನಾವು ಮಾತು ಮರೆತ್ರೆ ಬೈಯೋಕೆ ಹಂಗೇ ಬರೋರು."

"ಕೂಗು?"

"ಅದೂ ಅವರದೇ. ಯಾರೋ ಆ ಬೆರಳು ತುಳಿದಾಗಿಂದು."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಸುಮ್ನಿರಿ ಸಾರ್. ಪೋಸ್ಟರಲ್ಲಿ ಆ ಭೂತ ಮರಾನೇ ಕಿತ್ತು ಹಿಡ್ಕೊಂಡೈತೆ. ಇವ್ರು ಹಿತ್ತಲಲ್ಲಿ ನುಗ್ಗೆಕಾಯಿ ಕಿತ್ಕೊಡಿ ಅಂದ್ರೆ ಭುಜ ನೋವು ಅಂತಾರೆ."

ಕೆರೆ

ಸಾಕ್ಷಿ ಹುಡುಕಿಕೊಂಡು ಕುಣಿಗಲ್‌ಗೆ ಹೋದೆ. ಶೂಟಿಂಗ್ ದಿನ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಸಿಕ್ಕರು. ಭೂತ ಎದ್ದದ್ದು ಅವರ ಎದುರಿಗೇ.

"ಹೆದರಲಿಲ್ವಾ?"

"ಯಾಕ್ ಹೆದರ್ಲಿ? 'ಏನ್ಲಾ, ನೀರೆಲ್ಲ ಬಗ್ಗಡ ಮಾಡ್ತೀಯಲ್ಲ, ಅತ್ಲಾಗ್ ಹೋಗ್ಲಾ' ಅಂದೆ."

"ಭೂತ ಏನು ಮಾಡ್ತು?"

"'ತಪ್ಪಾಯ್ತು ಕಣಮ್ಮ' ಅಂತು. ಅತ್ಲಾಗ್ ಹೋಯ್ತು."

ಇದನ್ನು ಗುಬ್ಬಿಗೆ ಹೋಗಿ ವರದಿ ಮಾಡಿದೆ. "ನೋಡಿದ್ಯಾ, ಅದು ನಾನೇ" ಎಂದು ಇವರು ಹಿಗ್ಗಿದರು.

"ತಪ್ಪಾಯ್ತು ಅಂತಾ?" ಎಂದರು ಹೆಂಡತಿ. "ಹಂಗಾದ್ರೆ ಇವ್ರಲ್ಲವೇ ಅಲ್ಲ, ಬುಡಿ."

ಶಿರಾ ಗೇಟ್

ಮುಖವಾಡದ ಅಚ್ಚು ಹೇಗೋ ಶಿರಾ ಗೇಟಿನ ದೃಷ್ಟಿಬೊಂಬೆ ಅಂಗಡಿಗೆ ಸೇರಿದೆ. ತುಮಕೂರಿನಲ್ಲಿ ಕಟ್ಟುತ್ತಿರುವ ಅನೇಕ ಮನೆಗಳ ಮೇಲೆ ಈಗ ಅದೇ ಮುಖ. ಇವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಖುಷಿಯಾಗಿ ಬೊಂಬೆಯ ಪಕ್ಕ ನಿಂತು "ಇದು ನಾನು ಕಣಪ್ಪ" ಎಂದರು.

ಅಂಗಡಿಯವನು ಬೊಂಬೆಯನ್ನೂ ಇವರನ್ನೂ ಪರೀಕ್ಷಿಸಿದ. "ಇರ್ಬೋದು ಯಜಮಾನ್ರೇ. ಆದ್ರೆ ನಗ್ಬೇಡಿ. ನಕ್ರೆ ದೃಷ್ಟಿ ತಡೆಯಲ್ಲ."

ಬಾಗಿಲು

ಪ್ರದರ್ಶನಕ್ಕೆ ಹೆಂಡತಿಯೂ ಬಂದರು, ಅದು ಯಾವ ಭೂತವೋ ನೋಡಿಯೇ ಬಿಡುತ್ತೇನೆಂದು. ಭೂತ ಎದ್ದಿತು, ಕೂಗಿತು, ಮರ ಕಿತ್ತಿತು. ಆಕೆ ಅಲುಗಲಿಲ್ಲ. ಇವರು ಪರದೆ ಬಿಟ್ಟು ಆಕೆಯ ಮುಖವನ್ನೇ ನೋಡುತ್ತಿದ್ದರು.

ನಾಯಕಿ ಗುಡಿಸಲೊಳಗೆ ಓಡಿ ಅಗಣಿ ಹಾಕಿಕೊಂಡಳು. ಭೂತ ಬಾಗಿಲಿಗೆ ಬಂತು. ಹೊಸ್ತಿಲ ಮುಂದಿನ ಗೋಣಿಚೀಲದ ಮೇಲೆ ಎರಡೂ ಪಾದಗಳನ್ನು ನೀಟಾಗಿ ಒರೆಸಿಕೊಂಡಿತು. ಆಮೇಲೆ ಬಾಗಿಲು ಮುರಿಯಿತು.

ಆಕೆ ಎದ್ದು ನಿಂತರು. "ಅಯ್ಯೋ, ಇವ್ರೇ ಕಣ್ರೀ! ಮದ್ವೆ ಆದ ಹೊಸದ್ರಲ್ಲಿ, ಕೆಸರುಗಾಲಲ್ಲಿ ಒಳಗ್ ಬಂದ್ರೆ ಅನ್ನ ಇಲ್ಲ ಅಂದಿದ್ದೆ. ಇದನ್ನ ಕಲಿಸಿದ್ದು ನಾನೇ!"

ಇವರು ಕಣ್ಣೊರೆಸಿಕೊಂಡರು. "ಡೈರೆಕ್ಟರು ಬೈದ್ರು ಸಾರ್. ಎಷ್ಟ್ ಟೇಕ್ ತಗೊಂಡ್ರೂ ಕಾಲು ತಾನಾಗೇ ಒರೆಸ್ಕೊಳ್ತಿತ್ತು."

ಕೊನೆಗೆ ಸಂಘದ ಅಧ್ಯಕ್ಷರು ಭೂತದ ಪಾತ್ರಕ್ಕೆ ನಿಜವಾದ ಪ್ರೇರಣೆ ಯಾರೆಂಬುದರ ಬಗ್ಗೆ ಮಾತನಾಡಿದರು. ತಂದಿದ್ದದ್ದು ಒಂದೇ ಶಾಲು. ಅದನ್ನು ಹೆಂಡತಿಗೆ ಹೊದಿಸಲಾಯಿತು.